ಎರಡು ಕಿಲೋಮೀಟರಿನ ಕೊಂಡಿ

ಪಿಯುಸಿ ಫಲಿತಾಂಶ ಬಂತೆಂದರೆ ಇಂಡಿ, ಸಿಂದಗಿ ಕಡೆಯ ಮನೆಗಳಲ್ಲಿ ಬೆಂಗಳೂರಿನ ಮಾತು ಶುರುವಾಗುತ್ತದೆ. ಕಾಲೇಜು, ಫೀಯ ಲೆಕ್ಕ ಮುಗಿದ ಮೇಲೆ ಅಗರಖೇಡದ ಪಾಲಕರು ಕೇಳುವ ಪ್ರಶ್ನೆ, 'ಅಲ್ಲಿ ಮೆಟ್ರೊ ಐತೇನು?' ಇದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಲದು. ನೇರಳೆ ಮಾರ್ಗ ಬೆಳೆದು ಬಂದ ಬಗೆಯನ್ನು ನೋಡಿದರೆ ಏಕೆಂದು ತಿಳಿಯುತ್ತದೆ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿತು. ಕೇವಲ 6.7 ಕಿ.ಮೀ., ಆರು ನಿಲ್ದಾಣ. ನಮ್ಮೂರಿನಿಂದ ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ನಗರದ ನಡುಭಾಗದ ಸುರಂಗ ತೆರೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ಆಗ ಬೈಯಪ್ಪನಹಳ್ಳಿಯೂ ಮೈಸೂರು ರಸ್ತೆಯೂ ಒಂದೇ ಗಾಡಿಯಲ್ಲಿ ಸೇರಿದವು, 18.2 ಕಿ.ಮೀ. ಜನ ನಿಜವಾಗಿ ಮೆಟ್ರೊ ಹತ್ತತೊಡಗಿದ್ದು ಆ ಮೇಲೆಯೇ. ಮರುವರ್ಷ ಹಸಿರು ಮಾರ್ಗವೂ ಪೂರ್ಣಗೊಂಡು ಮೆಜೆಸ್ಟಿಕ್‌ನಲ್ಲಿ ಎರಡೂ ಕೂಡಿದವು. ಮೂರು ಬೋಗಿಯ ಗಾಡಿಯಲ್ಲಿ ನಿಲ್ಲಲೂ ಜಾಗವಿಲ್ಲದಂತಾದಾಗ, 2018ರ ಜೂನ್‌ನಲ್ಲಿ ಮೊದಲ ಆರು ಬೋಗಿಯ ಗಾಡಿ ಬಂತು. ಮುಂದಿನ ಬೋಗಿ ಮಹಿಳೆಯರಿಗೆ ಮೀಸಲಾಯಿತು. 2021ರ ಆಗಸ್ಟ್‌ನಲ್ಲಿ ಮಾರ್ಗ ಕೆಂಗೇರಿ ತಲುಪಿತು.

ಕಥೆಯ ಮುಖ್ಯ ಭಾಗ ಪೂರ್ವದ ಕಡೆಗಿದೆ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೃಷ್ಣರಾಜಪುರದವರೆಗಿನ 13.71 ಕಿ.ಮೀ. ಉದ್ಘಾಟನೆಯಾಯಿತು. ಪ್ರಧಾನಿಯೇ ಬಂದು ಪ್ರಯಾಣಿಸಿದರು. ಆದರೆ ಕೃಷ್ಣರಾಜಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಸುಮಾರು ಎರಡು ಕಿಲೋಮೀಟರ್ ಬಾಕಿ! ಬೆನ್ನಿಗಾನಹಳ್ಳಿಯ ಬಳಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸುವ ಕೆಲಸ ಮುಗಿದಿರಲಿಲ್ಲ. ಮೆಟ್ರೊ ಇಳಿದು, ಬಸ್ ಹಿಡಿದು, ಮತ್ತೆ ಮೆಟ್ರೊ ಹತ್ತಬೇಕು. ಮೀಟರ್‌ಗೇಜ್ ಮುಗಿದು ಬ್ರಾಡ್‌ಗೇಜ್ ಶುರುವಾಗುವಲ್ಲಿ ಗಂಟುಮೂಟೆ ಸಮೇತ ಗಾಡಿ ಬದಲಿಸಿದ ಹಿರಿಯರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕೊಂಡಿ ಕೂಡಿದ್ದು 2023ರ ಅಕ್ಟೋಬರ್ 9ರಂದು, ಆ ದಿನ ಸಮಾರಂಭವೂ ಇಲ್ಲದೆ. ಅಂದೇ ಪಶ್ಚಿಮದಲ್ಲಿ ಚಲ್ಲಘಟ್ಟದವರೆಗೂ ಗಾಡಿ ಓಡಿತು. ಈಗ 43.49 ಕಿ.ಮೀ., 37 ನಿಲ್ದಾಣ. ಹಾರ, ಭಾಷಣ ಹದಿಮೂರು ಕಿಲೋಮೀಟರಿಗೆ ಸಂದವು, ಉಪಕಾರವಾದದ್ದು ಎರಡು ಕಿಲೋಮೀಟರಿನಿಂದ.

ಆದ್ದರಿಂದ 'ಮೆಟ್ರೊ ಬರಲಿದೆ' ಎಂದು ಹೇಳಿ ಹೆಚ್ಚು ಬಾಡಿಗೆ ಕೇಳುವ ಪಿ.ಜಿ. ಮಾಲೀಕರ ಮಾತಿಗೆ ಮುಂಗಡ ಕೊಡಬೇಡಿ. ಕಂಬ ಎದ್ದಿದ್ದರೆ ಗಾಡಿ ಓಡಿತೆಂದಲ್ಲ. ಕಾಲೇಜಿನವರೆಗೆ ಎಷ್ಟು ಸಲ ಇಳಿದು ಹತ್ತಬೇಕು, ನಿಲ್ದಾಣದಿಂದ ಎಷ್ಟು ನಡೆಯಬೇಕು ಎಂದು ಕೇಳಿ. ಸಾಧ್ಯವಾದರೆ ಒಂದು ಸೋಮವಾರ ಬೆಳಿಗ್ಗೆ ಹುಡುಗನ ಜೊತೆಗೆ ನೀವೇ ಹೋಗಿ ನೋಡಿ.

ಖರ್ಚಿನ ಮಾತೂ ಇದೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆ ದರದಲ್ಲಿ ದೂರದ ತುದಿಯಿಂದ ದಿನವೂ ಹೋಗಿ ಬರುವವನಿಗೆ ತಿಂಗಳಿಗೆ 24 ದಿನ ಹಿಡಿದರೂ 4,320 ರೂಪಾಯಿ. ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಆದರೆ ಸಿಗ್ನಲ್‌ಗಳಲ್ಲಿ ಹೊತ್ತು ಹೋಗುತ್ತದೆ. ಅಷ್ಟು ದುಡ್ಡು ಸೇರಿಸಿದರೆ ಕಾಲೇಜಿನ ಹತ್ತಿರವೇ ಕೋಣೆ ಸಿಕ್ಕೀತೇ ಎಂದು ಮೊದಲು ವಿಚಾರಿಸಿ.