ಒಂದು ಮೆಟ್ಟಿಲಿನ ನಷ್ಟ

ಕಬಿನಿ ಅಣೆಕಟ್ಟಿನ ಊರಾದ ಬೀಚನಹಳ್ಳಿಯಿಂದ ಗಾಲಿಕುರ್ಚಿ ಬಳಸುವವರೊಬ್ಬರು ಕುಟುಂಬಸಮೇತ ಬೆಂಗಳೂರಿಗೆ ರಜೆಗೆ ಹೊರಟರೆಂದು ಇಟ್ಟುಕೊಳ್ಳಬಹುದು. 2021ರಲ್ಲಿ ಮೆಟ್ರೋ ಮೈಸೂರು ರಸ್ತೆಯ ಕೆಂಗೇರಿಯವರೆಗೆ ವಿಸ್ತರಿಸಿತು. ನಿಲ್ದಾಣಗಳಲ್ಲಿ ಲಿಫ್ಟ್ ಸೌಲಭ್ಯವಿದೆ. ತೊಡಕು ಎದುರಾಗುವುದು ಹೊರಬಂದ ಮೇಲೆ: ಅಂಗಡಿಯ ಮುಂದಿನ ಮೆಟ್ಟಿಲು, ಗಾಲಿಕುರ್ಚಿ ಹಿಡಿಸದ ವಸತಿಗೃಹದ ಬಚ್ಚಲುಬಾಗಿಲು.

ಇಂತಹ ಗ್ರಾಹಕರು ಸಾಮಾನ್ಯವಾಗಿ ಒಬ್ಬರೇ ಬರುವುದಿಲ್ಲ. ಒಬ್ಬರಿಗೆ ಪ್ರವೇಶವಿಲ್ಲದಿದ್ದರೆ ಮನೆಮಂದಿಯೆಲ್ಲ ಹಿಂದಿರುಗುತ್ತಾರೆ. ಕೊಠಡಿ ಬಾಡಿಗೆ, ಊಟ, ಸೀರೆಯ ಖರೀದಿ ಎಲ್ಲವೂ ಕೈತಪ್ಪುತ್ತವೆ. ಈ ನಷ್ಟ ಯಾವ ಖಾತೆಯಲ್ಲಿಯೂ ನಮೂದಾಗದ ಕಾರಣ ವರ್ತಕರ ಗಮನಕ್ಕೆ ಬರುವುದೇ ಇಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಅಧಿಕ. ಮಂಡಿನೋವಿನ ಹಿರಿಯರಿಗೂ ಮೆಟ್ಟಿಲು ಕಷ್ಟವೇ.

ಪರಿಹಾರದ ವೆಚ್ಚವಾದರೂ ಎಷ್ಟು? 1:12ರ ಇಳಿಜಾರಿನಂತೆ ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಸಾಕು. ಸ್ಥಳಾಭಾವವಿದ್ದಲ್ಲಿ ತೆಗೆದಿಡಬಹುದಾದ ಕಬ್ಬಿಣದ ಹಲಗೆಯನ್ನು ಬಳಸಬಹುದು. ಕೊಠಡಿ ಕಾಯ್ದಿರಿಸುವವರಿಗೆ ಬಾಗಿಲಿನ ಅಗಲವನ್ನು ಅಂಗುಲಗಳಲ್ಲಿ ನಿಖರವಾಗಿ ತಿಳಿಸಲು ಯಾವ ಖರ್ಚೂ ಇಲ್ಲ.

ಇದು ಕೇವಲ ಔದಾರ್ಯದ ವಿಷಯವೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಖಾಸಗಿ ಸೇವಾದಾತರಿಗೂ ಅನ್ವಯಿಸುತ್ತದೆ. ಮೊದಲ ಉಲ್ಲಂಘನೆಗೆ 10,000 ರೂ.ವರೆಗೆ, ಮರುಕಳಿಸಿದರೆ 50,000 ರೂ.ಗಳಿಂದ 5 ಲಕ್ಷ ರೂ.ವರೆಗೆ ದಂಡವಿದೆ. ಪ್ರವೇಶ ಸೌಲಭ್ಯದ ಕನಿಷ್ಠ ನಿಯಮಗಳು ಶಿಫಾರಸಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ.

ಬೆಂಗಳೂರಿಗೆ ಅನ್ವಯಿಸುವ ಈ ಲೆಕ್ಕ ಮೈಸೂರು, ಹುಣಸೂರು, ಹೆಗ್ಗಡದೇವನಕೋಟೆಗಳಿಗೂ ಅನ್ವಯಿಸುತ್ತದೆ. ಮುಂದಿನ ದಸರೆಗೆ ಅಂಗಡಿಗೆ ಸುಣ್ಣಬಣ್ಣ ಬಳಿಸುವ ಮುನ್ನ ಪ್ರತಿಯೊಬ್ಬ ವರ್ತಕರೂ ತಮ್ಮ ಹೊಸ್ತಿಲಿನ ಎತ್ತರವನ್ನು ಅಳೆದು ನೋಡುವುದು ಲಾಭಕರ.