ಪತ್ತೇದಾರ ಆಗೋದಾದ್ರ ಕಾಗದದ ಬೆನ್ನು ಹತ್ರಿ

ಪ್ಲೇಸ್‌ಮೆಂಟ್ ಮಾತು ಬಂದಾಗಲೆಲ್ಲ ನಮ್ಮ ಬ್ಯಾಚ್‌ನಲ್ಲಿ ಒಬ್ಬರಾದ್ರೂ "ಎಲ್ಲೂ ಆಗ್ಲಿಲ್ಲ ಅಂದ್ರ ಒಂದು ಡಿಟೆಕ್ಟಿವ್ ಏಜೆನ್ಸಿ ತೆಗದು ಕುಂದ್ರೂದು ನೋಡ್ಲೇ" ಅಂತಾರೆ. ಎಲ್ಲರೂ ನಗ್ತಾರೆ. ನನಗೆ ಅದು ಬರೀ ಜೋಕ್ ಅನಿಸಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಪತ್ತೇದಾರರಿಗೆ ನಿಜವಾಗಲೂ ಕೆಲಸ ಇದೆ. ಆದರೆ ನಾವು ಅಂದುಕೊಂಡಿರೋ ಕೆಲಸ ಅಲ್ಲ ಅದು.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಹಾಗಾಗಿ ನನಗೆ ಮೊದಲು ಸಿಕ್ಕಿದ್ದು ಶೆರ್ಲಾಕ್ ಹೋಮ್ಸ್. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರು, ಅವರ ಪತ್ತೇದಾರ ಪುರುಷೋತ್ತಮ ಆಮೇಲೆ ಗೊತ್ತಾದರು. 2019ರ 'ಬೆಲ್ ಬಾಟಂ' ಅಂತೂ ನಮ್ಮಲ್ಲಿ ಎಲ್ಲರೂ ನೋಡಿದೀವಿ. ಇದರಲ್ಲೆಲ್ಲ ಪತ್ತೇದಾರ ಕಳ್ಳನ ಹಿಂದೆ ಹೋಗ್ತಾನೆ. ನಿಜ ಜೀವನದಲ್ಲಿ ಅವನು ಜಾಸ್ತಿ ಹೋಗೋದು ಮದುವೆಗೆ ಬಂದ ಹುಡುಗ ಹುಡುಗಿಯರ ಹಿಂದೆ.

ನಮ್ಮ ಊರುಗಳಲ್ಲಿ ಈ ಕೆಲಸ ಮೊದಲಿನಿಂದಲೂ ಇತ್ತು, ಫೀಸ್ ಮಾತ್ರ ಇರಲಿಲ್ಲ. ಗಂಡಿನ ಕಡೆಯ ದೂರದ ಕಾಕಾ ಒಬ್ಬರು ಬರ್ತಾರೆ, ಕಿರಾಣಿ ಅಂಗಡಿ ಮುಂದೆ ನಿಂತು "ಹುಡುಗಿ ಹೆಂಗ್ರಿ? ಕಾಲೇಜಿಗೆ ಯಾರ ಜೋಡಿ ಹೋಗ್ತಾಳ?" ಅಂತ ಕೇಳ್ತಾರೆ. ಈಗ ದೊಡ್ಡ ಊರಲ್ಲಿ ಅದನ್ನೇ ಏಜೆನ್ಸಿಯವರು ದುಡ್ಡು ತಗೊಂಡು, ಫೋಟೋ ಹಚ್ಚಿ ರಿಪೋರ್ಟ್ ಮಾಡಿ ಕೊಡ್ತಾರೆ. ನಮ್ಮ ಓಣಿಯಲ್ಲಿ ಒಂದು ಸಂಬಂಧ ಹೀಗೇ ಮುರಿದುಬಿತ್ತು. ಆಕೆ ಪ್ರಾಜೆಕ್ಟ್ ಟೀಮ್‌ನ ಹುಡುಗನ ಬೈಕ್ ಹತ್ತಿದ್ದನ್ನ ಯಾರೋ ನೋಡಿದ್ರಂತೆ, ಅಷ್ಟೇ. ಕಾರಣ ಇದು ಅಂತ ಮನೆಯವರಿಗೆ ಗೊತ್ತಾಗೋಕೆ ಆರು ತಿಂಗಳು ಬೇಕಾಯ್ತು. ಉತ್ತರ ಕೊಡೋ ಅವಕಾಶ ಆಕೆಗೆ ಸಿಗಲೇ ಇಲ್ಲ.

ಹಂಗಂತ ವಿಚಾರಿಸೋದೇ ತಪ್ಪು ಅಂತ ನಾನು ಹೇಳಲ್ಲ. ಹುಡುಗನಿಗೆ ಈಗಾಗಲೇ ಮದುವೆ ಆಗಿದೆಯಾ, ಹೇಳಿದ ಕೆಲಸ ನಿಜವಾ, ಮೈಮೇಲೆ ಕೇಸ್ ಇದೆಯಾ ಅಂತ ಒಬ್ಬ ಅಪ್ಪ ತಿಳ್ಕೊಳ್ಳೋದು ನ್ಯಾಯವೇ. ಇವಕ್ಕೆ ಹೌದು ಅಥವಾ ಇಲ್ಲ ಅನ್ನೋ ಉತ್ತರ ಇದೆ, ಪುರಾವೆ ಇದೆ. "ನಡತೆ ಹೆಂಗ?" ಅನ್ನೋ ಪ್ರಶ್ನೆಗೆ ಪುರಾವೆ ಎಲ್ಲಿಂದ ತರ್ತೀರಿ? ಅಂಗಡಿಯವನ ಅನುಮಾನವೇ ಅಲ್ಲಿ ಪುರಾವೆ ಆಗಿಬಿಡುತ್ತೆ.

ಕಾನೂನು ಏನು ಹೇಳುತ್ತೆ ನೋಡೋಣ. ಸೆಕ್ಯೂರಿಟಿ ಗಾರ್ಡ್ ಏಜೆನ್ಸಿ ನಡೆಸೋಕೆ 2005ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಪತ್ತೇದಾರಿ ಏಜೆನ್ಸಿಗೆ ಅಂಥ ಕಾಯ್ದೆ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿದ್ರು, ಅದು ಕಾಯ್ದೆ ಆಗಲೇ ಇಲ್ಲ. ಅಂದ್ರೆ ನಾಳೆ ಯಾರು ಬೇಕಾದ್ರೂ ಬಸ್ ಸ್ಟ್ಯಾಂಡ್ ಎದುರು ಬೋರ್ಡ್ ಹಾಕಬಹುದು. ಬೋರ್ಡ್ ಹಾಕಿದ ಮಾತ್ರಕ್ಕೆ ಪೊಲೀಸರ ಅಧಿಕಾರ ಬರಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. ಹೆಣ್ಣುಮಗಳು ಬೇಡ ಅಂದ್ರೂ ಮತ್ತೆ ಮತ್ತೆ ಹಿಂಬಾಲಿಸೋದು, ಆಕೆಯ ಇಂಟರ್ನೆಟ್ ಬಳಕೆ ಮೇಲೆ ಕಣ್ಣಿಡೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಲ್ ಡೀಟೇಲ್ಸ್ ಕದ್ದು ಮಾರಿದ ಆರೋಪದ ಮೇಲೆ 2018ರಲ್ಲಿ ಥಾಣೆ ಪೊಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ರು.

ಇದು ನಮಗೆ ಯಾಕೆ ಮುಖ್ಯ? ಯಾಕಂದ್ರೆ ಇಂಥ ಕೆಲಸ ಮೊದಲು ಹುಡುಕಿಕೊಂಡು ಬರೋದೇ ನಮ್ಮನ್ನ. "ನೀ ಸಿಎಸ್ ಅಲಾ, ಅಕಿ ಇನ್‌ಸ್ಟಾ ಒಂದು ಓಪನ್ ಮಾಡಿ ಕೊಡು" ಅಂತ ನನ್ನ ಹತ್ರನೇ ಇಬ್ಬರು ಕೇಳಿದಾರೆ. ಅದು ಸಹಾಯ ಅಲ್ಲ. ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ.

ಹಾಗಾದ್ರೆ ಒಳ್ಳೆ ಕೆಲಸ ಎಲ್ಲಿದೆ? ಕಾಗದದಲ್ಲಿದೆ. ಕೊಪ್ಪಳದ ಸುತ್ತ ಹೊಸ ಲೇಔಟ್‌ನಲ್ಲಿ ಪ್ಲಾಟ್ ತಗೊಳ್ಳೋ ಮೇಷ್ಟ್ರಿಗೆ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ತಾಳೆ ನೋಡಿ, ಎನ್‌ಎ ಆಗಿದೆಯಾ, ಕೋರ್ಟಲ್ಲಿ ದಾವೆ ಇದೆಯಾ ಅಂತ ಹೇಳೋರು ಬೇಕು. ಭೂಮಿ, ಕಾವೇರಿ, ಇ-ಕೋರ್ಟ್ಸ್ ಮೂರೂ ಆನ್‌ಲೈನ್‌ನಲ್ಲಿವೆ. ಗಂಗಾವತಿಯ ರೈಸ್ ಮಿಲ್ಲಿನವರು ಗುರುತಿಲ್ಲದ ವ್ಯಾಪಾರಿಗೆ ಒಂದು ಲಾರಿ ಅಕ್ಕಿ ಉದ್ರಿ ಕಳಿಸೋ ಮುಂಚೆ ಅವನ ಜಿಎಸ್‌ಟಿ ನಂಬರ್ ಚಾಲ್ತಿಯಲ್ಲಿದೆಯಾ, ಯಾವಾಗ ನೋಂದಣಿ ಆಗಿದೆ ಅಂತ ಯಾರು ಬೇಕಾದ್ರೂ ಪೋರ್ಟಲ್‌ನಲ್ಲಿ ನೋಡಬಹುದು. ಸರ್ಕಾರಿ ಕಾಮಗಾರಿಯ ದಾಖಲೆ ಬೇಕಂದ್ರೆ ಮಾಹಿತಿ ಹಕ್ಕು ಅರ್ಜಿ ಇದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅಪಘಾತದ ಕ್ಲೇಮ್ ನಿಜವಾ ಅಂತ ನೋಡೋಕೆ ವಿಮಾ ಕಂಪನಿಗಳು ತನಿಖೆಗಾರರನ್ನ ಇಟ್ಟುಕೊಳ್ತಾವೆ. ಇದರಲ್ಲಿ ಯಾವುದಕ್ಕೂ ಯಾರ ಬಾಗಿಲ ಸಂದಿಯಲ್ಲೂ ಇಣುಕಬೇಕಿಲ್ಲ.

ಇಲ್ಲಿ ನಮ್ಮ ಇಂಜಿನಿಯರಿಂಗ್ ಕೂಡ ಕೆಲಸಕ್ಕೆ ಬರುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಫೋಟೋ, ವಿಡಿಯೋ, ಆಡಿಯೋ ಕೋರ್ಟಿಗೆ ಕೊಡುವಾಗ ಸರ್ಟಿಫಿಕೇಟ್ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಬರೀಬೇಕು. ಎಸ್‌ಎಚ್‌ಎ-256 ಅಂತ ಎಕ್ಸಾಮಿಗೆ ಬಾಯಿಪಾಠ ಮಾಡ್ತೀವಲ್ಲ, ಅದೇ. ಒಂದು ಬಿಟ್ ಬದಲಾದ್ರೂ ಹ್ಯಾಶ್ ಬದಲಾಗುತ್ತೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ರೆ ಅದು ಕಂಪ್ರೆಸ್ ಆಗುತ್ತೆ, ಆಗ ಅದು ಮೂಲ ಫೈಲ್ ಆಗಿ ಉಳಿಯಲ್ಲ. ಇಷ್ಟು ಗೊತ್ತಿರೋ ಹುಡುಗ ಹುಡುಗಿ ತಾಲೂಕು ಕೋರ್ಟಿನ ವಕೀಲರಿಗೆ ಎಷ್ಟು ಉಪಯೋಗ ಅಂತ ಯೋಚನೆ ಮಾಡಿ.

ಇನ್ನೊಂದು ಬೇಕಾಗಿರೋದು ಕನ್ನಡ. ಪಹಣಿ, ಎಫ್‌ಐಆರ್, ಪಂಚನಾಮೆ ಎಲ್ಲ ಕನ್ನಡದಲ್ಲೇ ಇರ್ತಾವೆ. ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ ತುಂಬಾ ಹಳೇ ಕಾಗದ ಉರ್ದುವಿನಲ್ಲೂ ಸಿಗ್ತಾವೆ. ನನ್ನಂಥ ಇಂಗ್ಲಿಷ್ ಮೀಡಿಯಂನವರಿಗೆ 'ಚಕ್ಕುಬಂದಿ', 'ವಾಟ್ಣಿ' ಅನ್ನೋ ಪದಗಳು ಕೋಡಿಂಗ್‌ಗಿಂತ ಕಷ್ಟ. ಆದರೆ ಅವು ಗೊತ್ತಿಲ್ಲದೆ ಇಲ್ಲಿ ಯಾವ ಸತ್ಯವೂ ಸಿಗಲ್ಲ.

ಆದ್ದರಿಂದ ಈ ಲೈನಿಗೆ ಬರೋರು ಮೊದಲ ದಿನವೇ ಬೋರ್ಡ್ ಬರೆಸಬೇಡಿ. ಒಂದೆರಡು ವರ್ಷ ವಕೀಲರ ಆಫೀಸಲ್ಲೋ, ಆಡಿಟರ್ ಹತ್ರನೋ, ವಿಮಾ ತನಿಖೆಯಲ್ಲೋ ಕೆಲಸ ಕಲೀರಿ. ಕೇಸ್ ಒಪ್ಪಿಕೊಳ್ಳೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ರಿಪೋರ್ಟ್ ಯಾರ ಬಗ್ಗೆ ಇದೆಯೋ ಅವರ ಕೈಗೆ ಕೊಟ್ಟು, ಎದುರು ಕೂತು ಉತ್ತರ ಹೇಳೋ ಧೈರ್ಯ ನನಗಿದೆಯಾ? ಇಲ್ಲ ಅಂದ್ರೆ ಆ ಕೇಸ್ ಬಿಟ್ಟುಬಿಡಿ. ನಿಮ್ಮ ಅಭಿಪ್ರಾಯ ಬೇರೆ ಇದ್ರೆ ಮುಂದಿನ ಸಂಚಿಕೆಗೆ ಬರೀರಿ, ಇಲ್ಲೇ ಜಗಳ ಆಡೋಣ.