ಲೋಟ ಬಿತ್ತೋ, ಬೀಳುತ್ತಿತ್ತೋ?

ಹೊಸ ಭಾಷೆ ಕಲಿಯುವಾಗ ಮನೆಮಾತನ್ನು ಬದಿಗಿಟ್ಟು ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ನನಗೆ ಇದು ಸರಿ ಅನ್ನಿಸುವುದಿಲ್ಲ. ಕೈತಪ್ಪಿ ಆಗುವ ಸಂಗತಿಗಳನ್ನು ಆ ಭಾಷೆಯಲ್ಲಿ ಹೇಳಲು ಇಂಗ್ಲಿಷಿಗಿಂತ ನನ್ನ ಉರ್ದು ಮತ್ತು ಕನ್ನಡವೇ ಹೆಚ್ಚು ನೆರವಾಗಿವೆ.

ಇಂಗ್ಲಿಷಿನಲ್ಲಿ ಬೇಕೆಂದೇ ಬೀಳಿಸಿದರೂ, ಕೈಜಾರಿ ಬಿದ್ದರೂ ಸಾಮಾನ್ಯವಾಗಿ ಹೇಳುವುದು 'ನಾನು ಲೋಟ ಬೀಳಿಸಿದೆ' ಎಂಬಂಥ ವಾಕ್ಯವನ್ನೇ. ಸ್ಪ್ಯಾನಿಷಿನಲ್ಲಿ ಕೈಜಾರಿದ್ದಕ್ಕೆ ಬೇರೆ ವಾಕ್ಯವಿದೆ: 'ಸೆ ಮೆ ಕಾಯೋ ಎಲ್ ಬಾಸೋ'. ಇಲ್ಲಿ ಬಿದ್ದದ್ದು ಲೋಟ. ಅದು ಯಾರ ಕೈಯಿಂದ ಎಂಬುದನ್ನು 'ಮೆ' ಹೇಳುತ್ತದೆ. ಲೋಟಗಳು ಹಲವಾದರೆ ಕ್ರಿಯಾಪದ 'ಕಾಯೇರೊನ್' ಆಗುತ್ತದೆ. ನಮ್ಮ ಮನೆಯಲ್ಲಿ 'ಮೇರೆ ಸೇ ಗಿಲಾಸ್ ಗಿರ್ ಗಯಾ' ಅನ್ನುತ್ತೇವೆ. ಹಲವಾದರೆ 'ಗಿರ್ ಗಯೇ'. ಎರಡು ಭಾಷೆಗಳದ್ದೂ ಹೆಚ್ಚು ಕಡಿಮೆ ಒಂದೇ ಲೆಕ್ಕ.

ಕಾಲದ ಪ್ರಶ್ನೆ ಬಂದಾಗ ಕನ್ನಡ ಕೈ ಹಿಡಿಯುತ್ತದೆ. ಬಿದ್ದು ಮುಗಿದಿದ್ದರೆ 'ಕಾಯೋ', ಅಂದರೆ 'ಬಿತ್ತು'. ಬೀಳುವುದರಲ್ಲಿತ್ತು, ಅಷ್ಟರಲ್ಲಿ ಯಾರೋ ಹಿಡಿದರು ಅನ್ನಬೇಕಾದರೆ 'ಕಾಈಆ'. ಚಿಕ್ಕವನಿದ್ದಾಗ ದಿನವೂ ಬೀಳುತ್ತಿತ್ತು ಅನ್ನುವುದಕ್ಕೂ 'ಕಾಈಆ'. ಉರ್ದುವಿನಲ್ಲಿ ಇವು 'ಗಿರ್ ರಹಾ ಥಾ', 'ಗಿರ್ ಜಾತಾ ಥಾ' ಎಂದು ಎರಡಾಗುತ್ತವೆ. ಕನ್ನಡದಲ್ಲಿ ಎರಡಕ್ಕೂ 'ಬೀಳುತ್ತಿತ್ತು' ಸಾಕು. ಇನ್ನು ಇವತ್ತೇ ಬಿದ್ದ ಲೋಟಕ್ಕೆ ಸ್ಪೇನಿನ ಹೆಚ್ಚಿನ ಕಡೆ 'ಸೆ ಮೆ ಆ ಕಾಈದೊ' ಅನ್ನುತ್ತಾರೆ. ಲ್ಯಾಟಿನ್ ಅಮೆರಿಕದ ಬಹುಪಾಲು ಕಡೆ ಇವತ್ತಿನದಕ್ಕೂ 'ಕಾಯೋ' ನಡೆಯುತ್ತದೆ.

ಇದೆಲ್ಲ ತಪ್ಪಿಸಿಕೊಳ್ಳುವ ಭಾಷೆಯಲ್ಲವೇ ಎಂದು ಕೆಲವರು ಕೇಳಬಹುದು. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸಂಬಂಧಿಸಿದ ಮಾತಿದೆ. ಆಕಸ್ಮಿಕ ಘಟನೆಯಲ್ಲಿ ಅದನ್ನು ಮಾಡಿದವರು ಯಾರೆಂಬುದು ಇಂಗ್ಲಿಷ್ ಮಾತಾಡುವವರಿಗೆ ಹೆಚ್ಚು ನೆನಪಿತ್ತು, ಸ್ಪ್ಯಾನಿಷ್ ಮಾತಾಡುವವರಿಗೆ ಕಡಿಮೆ. ಆದರೆ ಬೇಕೆಂದು ಮಾಡಿದವರನ್ನು ಎರಡೂ ಗುಂಪಿನವರು ಸಮನಾಗಿ ನೆನಪಿಟ್ಟುಕೊಂಡಿದ್ದರು. ಅಂದರೆ ಆ ಭಾಷೆ ತಪ್ಪಿತಸ್ಥರನ್ನು ಮರೆಸುತ್ತಿಲ್ಲ, ಕೈತಪ್ಪನ್ನು ಬೇಕೆಂದು ಮಾಡಿದ್ದರಿಂದ ಬೇರೆ ಇಡುತ್ತಿದೆ. ಮೇಲಾಗಿ 'ಮೆ' ವಾಕ್ಯದಲ್ಲೇ ಉಳಿದಿದೆ. ಅದನ್ನೂ ತೆಗೆದು ಬರೀ 'ಸೆ ಕಾಯೋ' ಅಂದರೆ ಮಾತ್ರ ಮನುಷ್ಯ ಕಾಣೆಯಾಗುತ್ತಾನೆ.

ವಾಣಿಜ್ಯ ಓದುವವರಿಗೆ ಈ ವ್ಯತ್ಯಾಸ ಹೊಸದಲ್ಲ. ಅಗ್ನಿ ವಿಮೆಯಲ್ಲಿ ಬೆಂಕಿ ಆಕಸ್ಮಿಕವಾಗಿರಬೇಕು. ಮಾಲೀಕನೇ ಬೇಕೆಂದು ಹಚ್ಚಿದರೆ ಪರಿಹಾರವಿಲ್ಲ. ಕಾನೂನು ಅಷ್ಟು ಗಮನವಿಟ್ಟು ನೋಡುವುದನ್ನು ನಮ್ಮ ಮನೆಯ ಭಾಷೆಗಳು ಒಂದು 'ಸೇ' ಪ್ರತ್ಯಯದಲ್ಲಿ, ಒಂದು 'ಕೈತಪ್ಪಿ'ಯಲ್ಲಿ ಹೇಳಿಬಿಡುತ್ತವೆ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವುದರಿಂದ ನಮಗೆ ಯಾವುದೂ ಸರಿಯಾಗಿ ಬರುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನು ಅದನ್ನು ಒಪ್ಪುವುದಿಲ್ಲ. ಫ್ರೆಂಚ್, ಅರಬ್ಬಿ, ಜಪಾನಿ, ಯಾವುದನ್ನಾದರೂ ಕಲಿಯಿರಿ. ವಾಕ್ಯ ಅರ್ಥವಾಗದಿದ್ದರೆ ಇಂಗ್ಲಿಷ್ ಅನುವಾದ ನೋಡುವ ಮೊದಲು, ಅದನ್ನೇ ನಿಮ್ಮ ಅಮ್ಮಿ ಅಥವಾ ಅಜ್ಜಿ ಹೇಗೆ ಹೇಳುತ್ತಿದ್ದರು ಎಂದು ಯೋಚಿಸಿ ನೋಡಿ. ಅರ್ಧ ವ್ಯಾಕರಣ ಅಲ್ಲೇ ಸಿಗಬಹುದು.